ಮೊದಲ ಪೆಟ್ಟಿಗೆಯ ಮಧುಸೂದನ್

ಚಿಕ್ಕಬಳ್ಳಾಪುರದಲ್ಲೂ ಶಿಡ್ಲಘಟ್ಟದಲ್ಲೂ ಒಂದೇ ದಿನ ಒಂದೇ ಸಿನಿಮಾ ಓಡುತ್ತಿತ್ತು. ಆದರೆ ಎರಡೂರಿಗೆ ಸೇರಿ ಇದ್ದದ್ದು ಒಂದೇ ಪ್ರಿಂಟು. ಟಿಕೆಟ್ಟು ಕೊಂಡು ಶಿಳ್ಳೆ ಹೊಡೆಯುವವರಿಗೆ ಈ ಬಡತನ ಎಲ್ಲಿ ತಿಳಿಯಬೇಕು? ರೀಲುಗಳನ್ನು ಎರಡು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿರುತ್ತಿದ್ದರು. ಚಿಕ್ಕಬಳ್ಳಾಪುರದಲ್ಲಿ ಮೊದಲ ಪೆಟ್ಟಿಗೆ ಓಡಿ ಮುಗಿದ ಕೂಡಲೇ ಒಬ್ಬ ಅದನ್ನು ಟಿವಿಎಸ್ ಗಾಡಿಗೆ ಕಟ್ಟಿಕೊಂಡು ಶಿಡ್ಲಘಟ್ಟಕ್ಕೆ ಓಡಬೇಕು. ಅಲ್ಲಿ ಆಟ ತಡವಾಗಿ ಶುರು. ಎರಡನೆಯ ಪೆಟ್ಟಿಗೆಯನ್ನು ಇನ್ನೊಬ್ಬ ಹಿಂದಿನಿಂದ ತರಬೇಕು. ಹಿಂದೆ ಬರುವವನು ಕೊಂಡಪ್ಪ, ಮುಂದೆ ಓಡುವವನು ಮಧುಸೂದನ್.

ಮಧುಸೂದನ್ ಕಳವಾರ ಹಳ್ಳಿಯ ಬಯ್ಯಪ್ಪನ ಮಗ. ಗೋಡೆಯ ಮೇಲೆ ಅಂಬೇಡ್ಕರರ ಪಟ, ಅದರ ಪಕ್ಕದಲ್ಲಿ ಬುದ್ಧನ ಪಟ ಇದ್ದ ಮನೆ. ಪಿಯುಸಿಗೆ ಓದು ನಿಲ್ಲಿಸಿದವನು ಪೆಟ್ಟಿಗೆ ಹೊತ್ತೇ ತಂಗಿ ತನುಜಳನ್ನು ಬೆಂಗಳೂರಿನಲ್ಲಿ ಎಂ.ಎ.ಗೆ ಸೇರಿಸಿದ್ದ. ಆಳು ಮೆತ್ತಗೆ. ಯಾರಾದರೂ ದನಿ ಎತ್ತಿದರೆ ತಾನೇ ತಪ್ಪು ಮಾಡಿದವನಂತೆ ತಲೆ ತಗ್ಗಿಸುತ್ತಿದ್ದ. ಥಿಯೇಟರಿನವರು ಅವನನ್ನು ‘ಹಸು’ ಎಂದು ಕರೆಯುತ್ತಿದ್ದರು. ಅವನು ನಕ್ಕು ಸುಮ್ಮನಾಗುತ್ತಿದ್ದ. ಆ ನಗು ಒಳಗಿನಿಂದ ಬಂದದ್ದಲ್ಲ ಎಂಬುದನ್ನು ಅವ್ವ ಆದಿಲಕ್ಷ್ಮಮ್ಮ ಒಬ್ಬಳೇ ಬಲ್ಲಳು.

ಆಗ ಲಾಂಗು, ಮಚ್ಚಿನ ಸಿನಿಮಾಗಳ ಕಾಲ. ಯಾವ ಪೆಟ್ಟಿಗೆ ಬಿಚ್ಚಿದರೂ ಶುರುವಿನಲ್ಲಿ ಮಾರ್ಕೆಟ್ಟು, ಓಡುವ ಜನ, ಅಡ್ಡಬಿದ್ದ ತರಕಾರಿ ಗಾಡಿ, ನಿಧಾನವಾಗಿ ನಡೆದು ಬರುವ ಒಬ್ಬ ಹೀರೋ. ಲಾಂಗು ಮೇಲೆದ್ದ ಗಳಿಗೆಗೆ ಕತ್ತಲು. ಗೋಡೆಯ ಮೇಲೆ ರಕ್ತ. ಆ ರಕ್ತದ ಮೇಲೆ ಸಿನಿಮಾದ ಹೆಸರು. ಮಧುಸೂದನ್ ಪ್ರೊಜೆಕ್ಟರ್ ರೂಮಿನ ಕಿಂಡಿಗೆ ಕಣ್ಣಿಟ್ಟು ಇಷ್ಟನ್ನು ತಪ್ಪದೆ ನೋಡುತ್ತಿದ್ದ. ಹೆಸರು ಬಿದ್ದ ಮೇಲೆ ಹಗ್ಗ, ಗೋಣಿತಾಟು ಸರಿಮಾಡಿಕೊಳ್ಳಲು ಇಳಿದು ಹೋಗುತ್ತಿದ್ದ. ಹೀಗೆ ನೂರಾರು ಸಿನಿಮಾಗಳ ಶುರು ಅವನಿಗೆ ಬಾಯಿಪಾಠ. ಕೊನೆ ಮಾತ್ರ ಒಂದೂ ಗೊತ್ತಿಲ್ಲ.

ಕೊನೆಗಳೆಲ್ಲ ಕೊಂಡಪ್ಪನ ಪಾಲು. ಚಿಂತಾಮಣಿ ಕಡೆಯ ಆ ಮುದುಕ ನೋಡುತ್ತಿದ್ದದ್ದು ಬರೀ ಹೆಣ, ಜೈಲು, ಎದೆ ಬಡಿದುಕೊಳ್ಳುವ ತಾಯಿ. ‘ಲಾಸ್ಟಲ್ಲಿ ನಿನ್ ಹೀರೋನ ಹೆಂಗ್ ಕೊಚ್ಚಾಕ್ತಾರೆ ಗೊತ್ತಾ ನಾಯನಾ, ಒಂದ್ಸಲ ನೋಡು’ ಎಂದು ಆಗಾಗ ಹೇಳುತ್ತಿದ್ದ. ಮಧುಸೂದನ್ ನೋಡಲಿಲ್ಲ. ಅಳು ನೋಡಲು ಸಿನಿಮಾ ಯಾಕೆ, ಮನೆಯಿಲ್ಲವೇ ಎಂಬುದು ಅವನ ಜವಾಬು.

ಓದಿನ ಕೊನೆಯ ವರ್ಷ ತನುಜ ಪ್ರಬಂಧಕ್ಕೆ ಆರಿಸಿಕೊಂಡ ವಿಷಯವೂ ಇದೇ ಆಗಿತ್ತು: ಕ್ರೈಂ ಸಿನಿಮಾಗಳ ಮೊದಲ ದೃಶ್ಯ, ಅದರಲ್ಲಿ ಗಂಡಸನ್ನು ತೋರಿಸುವ ಬಗೆ. ಮನೆಯಲ್ಲೇ ಇಂಥ ಅಣ್ಣ ಇರುವಾಗ ಬೇರೆಲ್ಲಿ ಹುಡುಕಬೇಕು? ರಜೆಗೆ ಬಂದವಳು ಅವನ ಜೊತೆ ಪ್ರೊಜೆಕ್ಟರ್ ರೂಮಿಗೆ ಬಂದು ಕಿಂಡಿಯಲ್ಲಿ ನೋಡಿದಳು. ಮನೆಗೆ ಬಂದು ಊಟದ ಮುಂದೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಹೀರೋನನ್ನು ಒಮ್ಮೆಲೇ ತೋರಿಸುವುದಿಲ್ಲ. ಮೊದಲು ಬೂಟು, ಆಮೇಲೆ ಮುಂಗೈ, ಬೆನ್ನು, ಎಲ್ಲಕ್ಕೂ ಕೊನೆಗೆ ಮುಖ. ಕ್ಯಾಮೆರಾ ಕೆಳಗೆ ಕೂತು ಅವನನ್ನು ಮೇಲೆ ನೋಡುತ್ತದೆ, ಬೀಳುವವನನ್ನು ಮಾತ್ರ ಮೇಲೆ ನಿಂತು ಕೆಳಗೆ ನೋಡುತ್ತದೆ. ಹೀರೋ ಮಾತಾಡುವುದಿಲ್ಲ, ಓಡುವುದಿಲ್ಲ, ಯಾರನ್ನೂ ನೋಡುವುದಿಲ್ಲ. ಎಲ್ಲರೂ ಅವನನ್ನು ನೋಡುತ್ತಾರೆ, ಹೆಂಗಸರಂತೂ ಕಿಟಕಿಯಿಂದಲೇ. ಹೀಗೆ ತೋರಿಸಿ ತೋರಿಸಿಯೇ ಗಂಡಸು ಎಂದರೆ ಇಷ್ಟೇ ಎಂದು ನಮ್ಮ ತಲೆಗೆ ತುಂಬುತ್ತಾರೆ ಎಂದಳು.

ಆಮೇಲೆ ಕೇಳಿದಳು: “ಅಣ್ಣಾ, ಮೊದ್ಲು ಸಾಯ್ತಾನಲ್ಲ, ಅವನ ಹೆಸ್ರೇನು?”

“ಅವನಿಗೇನಮ್ಮ ಹೆಸ್ರು? ಸಾಯಕ್ಕೆ ಬಂದಿರೋನು ಅವನು.”

“ಸರಿಯಾಗಿ ನೋಡಿದೀಯಾ ಅವನ್ನ? ಕಪ್ಪಗೆ, ತಲೆಗೆ ಎಣ್ಣೆ, ಲುಂಗಿ. ನಮ್ ಕೇರಿಯೋನ ಥರಾನೇ ಇರ್ತಾನೆ.”

ಮಧುಸೂದನ್ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಎದ್ದು ಕೈ ತೊಳೆದ. ಆ ಮಾತು ಅವನಿಗೆ ಸೇರಲಿಲ್ಲ. ಉಳಿದದ್ದೆಲ್ಲ ಚೆನ್ನಾಗಿ ಸೇರಿತು. ನಂಬಬೇಡ ಎಂದು ತಂಗಿ ಬಿಡಿಸಿಟ್ಟದ್ದನ್ನು ಅಣ್ಣ ಪಾಠದಂತೆ ಕಲಿತುಕೊಂಡ. ಓಡಬಾರದು, ಮಾತಾಡಬಾರದು, ಯಾರನ್ನೂ ನೋಡಬಾರದು. ಓದಿದವಳು ಎಷ್ಟು ಓದಿದ್ದರೇನು, ಎದುರಿಗೆ ಕೂತು ಕೇಳುತ್ತಿದ್ದವನ ಮುಖ ಓದಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದೊಡ್ಡ ಸಿನಿಮಾ ಬಂತು. ಬಿಡುಗಡೆಯ ದಿನ ಶಿಡ್ಲಘಟ್ಟದ ದಾರಿಯಲ್ಲಿ ರೇಷ್ಮೆಗೂಡು ತುಂಬಿದ ಟೆಂಪೋ ಮಗುಚಿ ರಸ್ತೆ ಕಟ್ಟಿಹೋಯಿತು. ಗೂಡಿನ ಮೇಲೆ ಗಾಡಿ ಹತ್ತಿಸಿದರೆ ರೈತರು ಬಿಡುತ್ತಾರೆಯೇ? ಮಧುಸೂದನ್ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಹೊಲದ ಬದುವಿನಲ್ಲಿ ಆ ಕಡೆಗೆ ದಾಟಿಸಿ, ಮತ್ತೆ ಬಂದು ಗಾಡಿ ತಳ್ಳಿಕೊಂಡು ಹೋದ. ಅವನು ಮುಟ್ಟುವಷ್ಟರಲ್ಲಿ ಥಿಯೇಟರಿನ ಒಳಗೆ ಕುರ್ಚಿ ಮುರಿಯುವ ಸದ್ದು ಶುರುವಾಗಿತ್ತು. ಅಭಿಮಾನಿ ಸಂಘದ ಅಧ್ಯಕ್ಷ ರಮೇಶ್‌ಬಾಬು, ಜಮೀನು ಬಹಳವಿದ್ದ ಮನೆಯ ಮಗ, ಗೇಟಿನಲ್ಲೇ ನಿಂತಿದ್ದ. ಏನು ಎತ್ತ ಕೇಳದೆ ಕೆನ್ನೆಗೆ ಬಾರಿಸಿದ.

“ನಿಮ್ಮಂಥೋರ ಕೈಗೆ ಕೊಟ್ರೆ ಹಿಂಗೇ ಆಗೋದು” ಎಂದ.

ಜನ ನಕ್ಕರು. ಮಧುಸೂದನ್ ಪೆಟ್ಟಿಗೆ ಇಳಿಸಿ ಮೇಲಕ್ಕೆ ಹೊತ್ತ. ಮ್ಯಾನೇಜರು ಅವನ ಬಾಯಿಂದಲೇ ‘ತಪ್ಪಾಯಿತು’ ಎನ್ನಿಸಿ ಕಳಿಸಿದ.

ಸುದ್ದಿ ತಿಳಿದು ಬಂದ ತನುಜ ಕೊತಕೊತ ಕುದಿಯುತ್ತಿದ್ದಳು. ನಾಳೆಯೇ ಸ್ಟೇಷನ್ನಿಗೆ ಹೋಗೋಣ, ದೂರು ನಾನು ಬರೆಯುತ್ತೇನೆ, ಜಾತಿ ಹಿಡಿದು ಆಡಿದ ಮಾತಿಗೆ ಕಾನೂನಿದೆ ಎಂದಳು. ಬಡವನ ಕೋಪ ದವಡೆಗೆ ಮೂಲ, ಸುಮ್ಮನಿರಿ ಎಂದ ಬಯ್ಯಪ್ಪ. ಮಧುಸೂದನ್ ಇಬ್ಬರ ಮಾತನ್ನೂ ಕೇಳಲಿಲ್ಲ.

“ಕಂಪ್ಲೇಂಟ್ ಕೊಡೋನು ಗಂಡ್ಸೇನಮ್ಮ?” ಎಂದಷ್ಟೇ ಕೇಳಿದ.

ತನುಜ ಜಗಳವಾಡಿದಳು, ಅತ್ತಳು, ಪರೀಕ್ಷೆಗೆಂದು ಬೆಂಗಳೂರಿಗೆ ಹೋದಳು. ಅವನು ದಿನವೂ ಅದೇ ಗೇಟಿನಲ್ಲಿ ಪೆಟ್ಟಿಗೆ ಇಳಿಸುತ್ತಿದ್ದ. ಟೀ ಅಂಗಡಿಯವರು ಕೆನ್ನೆ ಸವರಿಕೊಂಡು ತೋರಿಸಿ ನಗುತ್ತಿದ್ದರು. ದಾರಿಯುದ್ದಕ್ಕೂ ಅವನಿಗೆ ಒಂದೇ ಯೋಚನೆ: ತಾನು ಸಿನಿಮಾದ ಯಾವ ಮನುಷ್ಯ? ನಡೆದು ಬರುವವನೋ, ಬೀಳುವವನೋ? ಹೆಸರಿಲ್ಲದವನಾಗಿ ಉಳಿಯುವುದಕ್ಕಿಂತ ಸಾಯುವುದೇ ಮೇಲು ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತ್ತು.

ಅದೇ ಸಿನಿಮಾದ ಐವತ್ತನೆಯ ದಿನದ ಸಂಭ್ರಮ, ಶಿಡ್ಲಘಟ್ಟದಲ್ಲಿ, ಮ್ಯಾಟಿನಿಗೆ. ಥಿಯೇಟರಿನ ಮುಂದೆ ಹೀರೋನ ಆಳೆತ್ತರದ ಕಟೌಟು, ಹಾರ, ತಮಟೆ. ಸಂಘದವರು ದೃಷ್ಟಿ ತೆಗೆಯಲು ಬೂದುಗುಂಬಳಕಾಯಿಯನ್ನು ಒಡೆಯುತ್ತಿರಲಿಲ್ಲ, ಲಾಂಗಿನಿಂದ ಕಡಿಯುತ್ತಿದ್ದರು. ಅದು ಅವರೇ ಕಟ್ಟಿಕೊಂಡ ಪದ್ಧತಿ. ನಿಜವಾದ ಲಾಂಗು, ಕುಂಕುಮ ಹಚ್ಚಿದ್ದು. ಕಡಿದಾದ ಮೇಲೆ ಅದನ್ನು ಕಟೌಟಿನ ಕಾಲಬಳಿ ಒರಗಿಸಿ ರಮೇಶ್‌ಬಾಬು ಹಾಲಿನ ಬಿಂದಿಗೆ ಹಿಡಿದು ನಿಂತಿದ್ದ.

ಮಧುಸೂದನ್ ಗಾಡಿ ನಿಲ್ಲಿಸಿದ. ಮೊದಲು ಪೆಟ್ಟಿಗೆಯನ್ನು ಮೇಲಕ್ಕೆ ಹೊತ್ತು ಆಪರೇಟರನ ಕೈಗೆ ಒಪ್ಪಿಸಿದ, ತಡವಾಗಿಲ್ಲ ತಾನೇ ಎಂದೂ ಕೇಳಿದ. ಕೊಲ್ಲಲು ಹೊರಟವನಿಗೆ ಅದೂ ಒಂದು ಚಿಂತೆ! ಆಮೇಲೆ ಇಳಿದು ಬಂದು ಲಾಂಗು ಕೈಗೆ ತೆಗೆದುಕೊಂಡು ನಿಧಾನವಾಗಿ ನಡೆದ. ಮಾತಾಡಲಿಲ್ಲ. ಯಾರನ್ನೂ ನೋಡಲಿಲ್ಲ.

ಜನ ಹೆದರಿ ದಾರಿ ಬಿಡಬೇಕಿತ್ತು. ಬಿಡಲಿಲ್ಲ. ಇದೂ ಸಂಭ್ರಮದ ಒಂದು ಭಾಗ ಎಂದುಕೊಂಡರು. ಹಸುವಿನ ಕೈಗೆ ಲಾಂಗು ಬಂತೆಂದು ಶಿಳ್ಳೆ ಹೊಡೆದರು, ತಮಟೆಯವರು ಹೀರೋ ಬರುವಾಗಿನ ಪೆಟ್ಟನ್ನೇ ಬಾರಿಸಿದರು. ರಮೇಶ್‌ಬಾಬು ಕೂಡ ನಕ್ಕ. ಮಧುಸೂದನ್ ಅವನೆದುರಿಗೆ ಹೋಗಿ ಲಾಂಗನ್ನು ಮೇಲೆತ್ತಿದ.

ಎತ್ತಿದವನು ಹಾಗೆಯೇ ನಿಂತುಬಿಟ್ಟ. ಇಲ್ಲಿಯವರೆಗೆ ಅವನಿಗೆ ಎಲ್ಲವೂ ಗೊತ್ತಿತ್ತು. ಇಲ್ಲಿ ಕತ್ತಲಾಗಬೇಕು, ಹೆಸರು ಬರಬೇಕು. ಬಿಸಿಲು ಹಾಗೆಯೇ ಇತ್ತು. ಎದುರಿಗೆ ಹಾಲಿನಲ್ಲಿ ನೆನೆದ ಅಂಗಿಯ ಒಬ್ಬ ಮನುಷ್ಯ, ಅವನ ಕತ್ತಿನಲ್ಲಿ ನರ ಹಾರುತ್ತಿದ್ದದ್ದು ಕಾಣುತ್ತಿತ್ತು. ಇದರ ಮುಂದಿನದನ್ನು ಕೈ ಹೇಗೆ ಮಾಡುತ್ತದೆ ಎಂದು ಯಾವ ರೀಲೂ ಅವನಿಗೆ ತೋರಿಸಿರಲಿಲ್ಲ. ಅವನಿಗೆ ಅಳು ಬಂತು.

ಅಷ್ಟರಲ್ಲಿ ರಮೇಶ್‌ಬಾಬುವಿಗೆ ಅದು ಆಟವಲ್ಲವೆಂದು ತಿಳಿಯಿತು. ಬಿಂದಿಗೆಯಿಂದ ಮುಖಕ್ಕೆ ಹೊಡೆದು ಕೆಡವಿದ. ಬಿದ್ದ ಲಾಂಗನ್ನು ತಾನೇ ಎತ್ತಿಕೊಂಡ. ಮಧುಸೂದನ್ ಬಲಗೈ ಅಡ್ಡ ಹಿಡಿದ. ಕುಂಬಳಕಾಯಿಯ ಹೋಳುಗಳ ನಡುವೆ ಅವನ ಬೆರಳುಗಳು ಬೀಳುವವರೆಗೂ ಶಿಳ್ಳೆ ನಿಂತಿರಲಿಲ್ಲ. ಒಳಗೆ ಅವನು ತಂದ ಪೆಟ್ಟಿಗೆ ಓಡುತ್ತಲೇ ಇತ್ತು.

ಮೊದಲು ಲಾಂಗು ಎತ್ತಿದವನು ಯಾರು ಎಂದು ಪೊಲೀಸರು ಕೇಳಿದರು. ಕಂಡವರೆಲ್ಲ ಒಂದೇ ಹೆಸರು ಹೇಳಿದರು. ಸುಳ್ಳೇನಲ್ಲವಲ್ಲ. ಜೀವ ಉಳಿಸಿಕೊಳ್ಳಲು ಹೊಡೆದೆ ಎಂದ ರಮೇಶ್‌ಬಾಬುವಿಗೆ ವಾರದಲ್ಲಿ ಜಾಮೀನು. ಮಧುಸೂದನ್ ಕೈಗೆ ಪಟ್ಟಿ ಕಟ್ಟಿಕೊಂಡೇ ಜೈಲಿಗೆ ಹೋದ, ಯುಗಾದಿ ಅಲ್ಲೇ ಕಳೆಯಿತು. ‘ಸಿನಿಮಾ ಹುಚ್ಚಿಗೆ ಲಾಂಗು ಎತ್ತಿದ ಯುವಕ’ ಎಂದು ಪತ್ರಿಕೆಯಲ್ಲಿ ಬಂತು. ತನುಜ ಪತ್ರಿಕೆಯ ಕಚೇರಿಗೆ ಹೋಗಿ, ಕೆನ್ನೆಗೆ ಬಿದ್ದ ಏಟು ಇದರಲ್ಲಿ ಎಲ್ಲಿದೆ ಎಂದು ಕೇಳಿದಳು. ಅದು ಹಳೆಯ ವಿಷಯ ಎಂದರು. ಕಥೆಯನ್ನು ಎಲ್ಲಿಂದ ಶುರು ಮಾಡುತ್ತಾರೋ ಅದರ ಮೇಲೆ ರೌಡಿ ಯಾರೆಂದು ತೀರ್ಮಾನವಾಗುತ್ತದೆ. ಇದನ್ನೇ ಅವಳು ಪ್ರಬಂಧದಲ್ಲಿ ಬರೆದು ಒಳ್ಳೆಯ ಅಂಕ ಪಡೆದಿದ್ದಳು. ಮನೆಗೆ ಬಂದು ಅವ್ವನ ಮಡಿಲಲ್ಲಿ ಮುಖ ಇಟ್ಟು ಅತ್ತಳು.

ಬಿಡುಗಡೆಯಾಗಿ ಬಂದವನು ಗಾಡಿಯ ಹಿಡಿ ತಿರುಗಿಸಲಾರ. ಪೆಟ್ಟಿಗೆ ಬೇರೆಯವರ ಪಾಲಾಗಿತ್ತು. ಜಗುಲಿಯ ಮೇಲೆ ಕೂತಿರುತ್ತಿದ್ದ. ಒಂದು ದಿನ ತಾನಾಗಿಯೇ, ಸಿನಿಮಾಗೆ ಕರೆದುಕೊಂಡು ಹೋಗು ಎಂದ. ತನುಜ ಹೆದರುತ್ತಲೇ ಕರೆದುಕೊಂಡು ಹೋದಳು. ಚಿಕ್ಕಬಳ್ಳಾಪುರದಲ್ಲಿ ಮತ್ತೊಂದು ಲಾಂಗಿನ ಸಿನಿಮಾ. ಮೊದಲ ಸಲ ಅವನು ಟಿಕೆಟ್ಟು ಕೊಂಡು, ಕುರ್ಚಿಯಲ್ಲಿ ಕೂತು, ಮಧ್ಯಾಹ್ನದ ಆಟವನ್ನು ಪೂರ್ತಿ ನೋಡಿದ. ಶುರುವಿನಲ್ಲಿ ಲುಂಗಿಯವನೊಬ್ಬ ಬಿದ್ದ. ಕೊನೆಯಲ್ಲಿ ಕೊಂಡಪ್ಪ ಹೇಳುತ್ತಿದ್ದಂತೆಯೇ ಹೀರೋನನ್ನೂ ಕೊಚ್ಚಿ ಹಾಕಿದರು, ಅವನ ತಾಯಿ ಎದೆ ಬಡಿದುಕೊಂಡಳು. ಬಸ್ಸು ಹಿಡಿಯುವ ಜನ ಆಗಲೇ ಎದ್ದು ಹೋಗಿದ್ದರು.

ದೀಪ ಹತ್ತಿತು. ಅವನು ಖಾಲಿ ಪರದೆಯನ್ನೇ ನೋಡುತ್ತಿದ್ದ.

“ಮುಗೀತಣ್ಣ, ಹೋಗಣ” ಎಂದಳು ತನುಜ.

“ಇರಮ್ಮ” ಎಂದ, ಬೆರಳಿಲ್ಲದ ಕೈಯನ್ನು ಮಡಿಲಲ್ಲಿಟ್ಟುಕೊಂಡು. “ಮೊದ್ಲು ಸತ್ನಲ್ಲ, ಲುಂಗಿಯೋನು. ಅವನ ಮನೆಯೋರು ಇನ್ನೂ ಬರ್ಲೇ ಇಲ್ಲ.”