ವಾಸಿಯಾದವರನ್ನು ನೋಡಲು ಹೋದ ಸಂಜೆ

ನಿನ್ನೆ ಆಸ್ಪತ್ರೆ ಮುಗಿಸಿ ಮಂಡಿ ಮೊಹಲ್ಲಾದ ಗಿರಣಿಯೊಂದರ ಮುಂದೆ ಸ್ಕೂಟರಿನಲ್ಲಿ ಬರುತ್ತಿದ್ದೆ. ಒಳಗೆ ಮೆಣಸಿನಪುಡಿ ಮಾಡುತ್ತಿದ್ದರು. ಘಾಟು ಮೂಗಿಗೆ ಬಡಿದದ್ದೇ ತಡ, ಗಾಡಿ ಬದಿಗೆ ಹಾಕಿ ಸೀನಿದ್ದೇ ಸೀನಿದ್ದು. ಪುಡಿಗಾಗಿ ಕಾದು ಕೂತಿದ್ದ ಹೆಂಗಸೊಬ್ಬಳು, "ಅಯ್ಯೋ, ಡಾಕ್ಟ್ರಮ್ಮಂಗೇ ನೆಗಡಿ ಬಂದ್ಬುಟ್ರೆ ನಮ್ಮನ್ಯಾರು ನೋಡ್ತಾರೆ?" ಎಂದು ನಕ್ಕಳು. ನಾನೂ ನಕ್ಕೆ. ಆ ಘಾಟಿಗೆ ನನಗೆ ನೆನಪಾದದ್ದು ಜವರಯ್ಯ. ಅವನ ಹಿಂದೆಯೇ ವಿಶಾಲಾಕ್ಷಿ ಮೇಡಂ.

ಈ ಮೊಹಲ್ಲಾದ ಪುಟ್ಟ ಸರ್ಕಾರಿ ಆಸ್ಪತ್ರೆಗೆ ನಾನು ಬಂದದ್ದು ಓದು ಮುಗಿಸಿದ ಹೊಸತರಲ್ಲಿ. ಕೊರಳಿಗೆ ಸ್ಟೆತಸ್ಕೋಪ್ ಬಿದ್ದೊಡನೆ ಊರಿನ ಜೀವಗಳೆಲ್ಲ ನನ್ನನ್ನೇ ನಂಬಿಕೊಂಡಿವೆ ಎಂದು ತಿಳಿದಿದ್ದೆ. ಬಂದದ್ದೋ ನೆಗಡಿ, ಕೆಮ್ಮು, ಸೊಂಟನೋವು. ಮದುವೆಮನೆಗಳಲ್ಲಿ ನಂಟರು, "ಬರೀ ಎಂಬಿಬಿಎಸ್ಸಾ? ಮುಂದೆ ಓದ್ಲಿಲ್ವಾ?" ಎಂದು ಕೇಳಿದರೆ ನಾನು ಕೇಳಿಸದವಳಂತೆ ಹಪ್ಪಳ ಮುರಿಯುತ್ತಿದ್ದೆ.

ವಿಶಾಲಾಕ್ಷಿ ಮೇಡಂ ನಮ್ಮ ಹಿರಿಯ ಡಾಕ್ಟರು. ಹೊರಗೆ ಎಷ್ಟೇ ಉದ್ದದ ಸಾಲಿರಲಿ, ಊಟದ ಹೊತ್ತಿಗೆ ಡಬ್ಬಿ ತೆರೆದು ಮೊಸರನ್ನ ತಿಂದೇ ತಿನ್ನುವರು. "ಹಸ್ಕೊಂಡಿರೋ ಡಾಕ್ಟ್ರು ಎಲ್ರ ಮೇಲೂ ರೇಗ್ತಾಳೆ ಕಣಮ್ಮ" ಎನ್ನುವರು. ಅವರಿಗೆ ಬೇಸರವೆಂಬುದೇ ಇಲ್ಲವೆಂದು ನಾನು ಎಣಿಸಿದ್ದೆ.

ಹೀಗಿರುವಾಗ ಖಾಸಗಿ ಆಸ್ಪತ್ರೆಯೊಂದರಿಂದ ನನಗೆ ಕರೆ ಬಂತು. ತಣ್ಣನೆಯ ಕೋಣೆ, ಮೊದಲೇ ಹೇಳಿ ಬರುವ ರೋಗಿಗಳು. ಹೋಗುತ್ತೇನೆಂದು ಮೇಡಂಗೆ ಹೇಳಹೊರಟವಳಿಗೆ ಅಳುವೇ ಬಂತು. "ಬೆಳಗ್ಗೆಯಿಂದ ಅದೇ ಕೆಮ್ಮು, ಅದೇ ನೋವು. ನಾನು ಯಾರನ್ನೂ ವಾಸಿ ಮಾಡ್ತಿಲ್ಲ ಅನ್ಸುತ್ತೆ ಮೇಡಂ."

"ಹೋಗು, ಬೇಡ ಅನ್ನಲ್ಲ. ಆದ್ರೆ ಇವತ್ತು ಸಂಜೆ ನನ್ ಜೊತೆ ಸ್ವಲ್ಪ ದೂರ ಬಾ."

"ಯಾರಿಗಾದ್ರೂ ಹುಷಾರಿಲ್ವಾ?"

"ಎಲ್ರೂ ಹುಷಾರಾಗೇ ಇದಾರೆ. ವಾಸಿಯಾದೋರು ನಮ್ಮ ಹತ್ರ ಯಾಕಮ್ಮ ಬರ್ತಾರೆ? ನಾವೇ ಹೋಗಿ ನೋಡ್ಬೇಕು."

ಹೋಗಿ ನಿಂತದ್ದು ಒಣಮೆಣಸಿನಕಾಯಿಯ ಸಗಟು ಅಂಗಡಿಯೊಂದರ ಮುಂದೆ. ಅಲ್ಲಿ ಮೂಟೆ ಹೊರುವವನೇ ಜವರಯ್ಯ. ಹಿಂದಿನ ವರ್ಷ ಕ್ಷಯ ಹಿಡಿದು, ಪಕ್ಕೆಲುಬು ಕಾಣುವಷ್ಟು ಸೊರಗಿ ನಮ್ಮಲ್ಲಿಗೆ ಬಂದಿದ್ದ. ಹೊಟ್ಟೆ ಉರಿಯುತ್ತದೆಂದು ನಡುವೆ ಗುಳಿಗೆ ಬಿಟ್ಟಿದ್ದ. ನಾನು ಬೈದು, ಪುಸಲಾಯಿಸಿ, ಅವನ ಹೆಂಡತಿಗೂ ಹೇಳಿ ಮತ್ತೆ ನುಂಗಿಸಿದ್ದೆ. ಚಿಕಿತ್ಸೆ ಮುಗಿದ ಮೇಲೆ ಅವನು ಬರಲಿಲ್ಲ, ನಾನೂ ಮರೆತೆ.

ನಮ್ಮನ್ನು ಕಂಡವನೇ ಬಾಯಲ್ಲಿದ್ದ ಬೀಡಿ ಎಸೆದ. "ಮತ್ತೆ ಕಫ ಕೊಡ್ಬೇಕಾ ಮೇಡಂ? ಗುಳಿಗೆ ಎಲ್ಲಾ ನುಂಗ್ಬುಟ್ಟಿವ್ನಿ, ದೇವ್ರಾಣೆ!"

"ಬೀಡಿ ನೋಡ್ದೆ, ಅದರ ವಿಚಾರ ಆಮೇಲೆ. ಈಗ ನೀನು ಹೇಗಿದೀಯ ಅಂತ ನೋಡೋಕೆ ಬಂದ್ವಿ, ಅಷ್ಟೇ" ಎಂದರು ಮೇಡಂ.

"ಸುಮ್ಕೆ ನೋಡಕ್ಕಾ?" ಅವನಿಗೆ ನಂಬಿಕೆಯಾಗಲಿಲ್ಲ. ಆಮೇಲೆ ಏನನ್ನಿಸಿತೋ, ದೊಡ್ಡ ಮೂಟೆಯೊಂದನ್ನು ಬೆನ್ನಿಗೇರಿಸಿಕೊಂಡು ಅಂಗಡಿಯ ಕೊನೆಯ ತನಕ ಹೋಗಿ ಇಳಿಸಿ ಬಂದ. ಏದುಸಿರಿಲ್ಲ. "ಎಂಗೆ?" ಎನ್ನುವಂತೆ ನಮ್ಮತ್ತ ನೋಡಿ, ಅಂಗಡಿಯವರಿಗೆಲ್ಲ ಕೇಳುವಂತೆ ನನ್ನನ್ನು ತೋರಿಸಿದ. "ಈವಮ್ಮನೇ ಬೈದೂ ಬೈದೂ ನುಂಗ್ಸಿದ್ದು. ಇಲ್ದಿದ್ರೆ ಇಷ್ಟೊತ್ಗೆ ನನ್ ಫೋಟೋಗೆ ಹಾರ ಹಾಕ್ಬುಟ್ಟಿರೋರು."

ನನ್ನ ಕಣ್ಣು ತುಂಬಿತು. ಮೆಣಸಿನಕಾಯಿಯ ಘಾಟು ಎಂದೆ. ಮೇಡಂ, "ಹೌದು, ಘಾಟು ಜಾಸ್ತಿ" ಎಂದು ತಾವೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ಖಾಸಗಿ ಆಸ್ಪತ್ರೆಗೆ ಹೋಗಲಿಲ್ಲ. ಆಮೇಲೆ ಬೇಜಾರೇ ಬರಲಿಲ್ಲವೆಂದರೆ ನೀವು ನಂಬಬೇಡಿ. ಈಗಲೂ ಕೆಲವು ಸೋಮವಾರಗಳಂದು ಆಸ್ಪತ್ರೆಯ ಗೇಟು ಕಂಡರೆ ಸ್ಕೂಟರನ್ನು ವಾಪಸ್ಸು ತಿರುಗಿಸೋಣ ಎನ್ನಿಸುತ್ತದೆ. ಆದರೆ ಬೇಜಾರು ಬಂದಾಗ ಏನು ಮಾಡಬೇಕೆಂದು ಅಂದಿನಿಂದ ಗೊತ್ತಿದೆ.

ಇದನ್ನೆಲ್ಲ ಮೇಡಂಗೆ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ನಿನ್ನೆ ಸೀನು ನಿಂತ ಮೇಲೆ ಮನೆಗೆ ಹೋಗದೆ ಸಿದ್ಧಾರ್ಥನಗರಕ್ಕೆ ಹೋದೆ. ನಿವೃತ್ತರಾದ ಮೇಡಂ ಅಲ್ಲಿರುತ್ತಾರೆ. ಕಾಫಿ ಕೊಟ್ಟರು. "ಅವತ್ತು ನೀವು ಕರ್ಕೊಂಡು ಹೋಗದಿದ್ರೆ ನಾನು ಈ ಕೆಲಸ ಬಿಟ್ಟುಬಿಡ್ತಿದ್ದೆ ಮೇಡಂ. ನನ್ನನ್ನ ಉಳಿಸ್ಕೊಂಡಿದ್ದು ನೀವೇ" ಎಂದೆ.

ಅವರು ಲೋಟ ಕೆಳಗಿಟ್ಟು ನಗತೊಡಗಿದರು. "ನಿನ್ನನ್ನ ಉಳಿಸ್ಕೊಳ್ಳೋಕೆ ಕರ್ಕೊಂಡು ಹೋದೆ ಅನ್ಕೊಂಡಿದೀಯಾ? ಆ ವಾರ ನಾನೇ ಮನೇಲಿ ಹೇಳ್ಬಿಟ್ಟಿದ್ದೆ, ಸಾಕಾಯ್ತು, ಸ್ವಯಂ ನಿವೃತ್ತಿ ತಗೋತೀನಿ ಅಂತ. ವಾಸಿಯಾದೋರನ್ನ ಹೋಗಿ ನೋಡ್ಬೇಕು ಅಂತ ಎಷ್ಟೋ ದಿನದಿಂದ ಆಸೆ. ಕೆಲಸವಿಲ್ದೆ ಒಬ್ಬಳೇ ಹೋಗಿ ನಿಂತ್ಕೊಳ್ಳೋಕೆ ನಾಚಿಕೆ. ನೀನು ಅತ್ಕೊಂಡು ಬಂದೆ, ನನಗೊಂದು ಜೊತೆ ಸಿಕ್ತು. ನೀನು ಉಳಿದೆ ಅಂತ ನಾನೂ ಉಳಿದೆ ಕಣಮ್ಮ."

ಇಷ್ಟು ವರ್ಷ ಅವರ ಹಿಂದೆ ಹಿಂದೆ ನಡೆದೆನೆಂದುಕೊಂಡ ದಾರಿಯಲ್ಲಿ ನಾವಿಬ್ಬರೂ ಪಕ್ಕಪಕ್ಕದಲ್ಲೇ ನಡೆದಿದ್ದೆವು. ಎದ್ದು ಹೋಗಿ, ಮೊದಲ ಬಾರಿಗೆ ಅವರ ಎದುರಿನ ಕುರ್ಚಿ ಬಿಟ್ಟು ಪಕ್ಕದಲ್ಲಿ ಕುಳಿತೆ.