ಹವಳದ ಮೇಲೆ ಬಿದ್ದ ಲಂಗರು

ವೈಷ್ಣವಿ ಬಾಗಲಕೋಟೆಯವಳು. ಲಾಂಗ್ ಬೀಚ್ ಬಂದರಿನ ಕ್ರೇನ್‌ಗಳಿಗೆ ಸಾಫ್ಟ್‌ವೇರ್ ಬರೆಯುವುದು ಅವಳ ಕೆಲಸ. ಮೂವತ್ತೈದು ದಾಟುವವರೆಗೆ ಅವಳಿಗೆ ಈಜೂ ಬರುತ್ತಿರಲಿಲ್ಲ. 2021ರಲ್ಲಿ ಹಡಗುಗಳು ಜಾಗ ಸಿಗದೆ ವಾರಗಟ್ಟಲೆ ಸಮುದ್ರದಲ್ಲೇ ನಿಂತಿದ್ದವು. ಆಫೀಸಿನ ಕಿಟಕಿಯಿಂದ ದಿನವೂ ಅವನ್ನು ನೋಡಿ ನೋಡಿ, ತಾನೂ ನೀರಿಗಿಳಿಯಬೇಕು ಅನ್ನಿಸಿತು. ಮೊದಲು ಈಜು, ಆಮೇಲೆ ಹಾಯಿದೋಣಿ ನಡೆಸುವುದನ್ನು ಕಲಿತಳು.

ಸ್ಯಾನ್ ಡಿಯಾಗೋದ ಗಿರಿಧರ್ ಹತ್ತಿರ ಸ್ವಂತ ಹಾಯಿದೋಣಿ ಇತ್ತು. ಬೆಂಗಳೂರಿನವನು, ಟೆಲಿಕಾಂ ಎಂಜಿನಿಯರ್, ಐವತ್ತಕ್ಕೇ ಕೆಲಸ ಬಿಟ್ಟವನು. ಹೆಂಡತಿ ಆರತಿಯ ಜೊತೆ ಪೆಸಿಫಿಕ್ ದ್ವೀಪಗಳಿಗೆ ಹೊರಟಿದ್ದ. ಹಗಲು ರಾತ್ರಿ ದೋಣಿ ನೋಡಿಕೊಳ್ಳುವ ಪಾಳಿಗೆ ಇನ್ನೊಬ್ಬರು ಬೇಕಾಗಿತ್ತು. 2023ರ ಮಾರ್ಚ್‌ನಲ್ಲಿ ವೈಷ್ಣವಿ ರಜೆ ಹಾಕಿ ದೋಣಿ ಹತ್ತಿದಳು.

ದಡ ಮರೆಯಾಗುತ್ತಲೇ ಗಿರಿಧರ್ ಬೇರೆಯೇ ಮನುಷ್ಯನಾದ. ಹಗ್ಗ ಸುತ್ತಿದ್ದು ತಪ್ಪು, ಅನ್ನಕ್ಕಿಟ್ಟ ನೀರು ಹೆಚ್ಚು, ಉಸಿರಾಡಿದ್ದೂ ಜಾಸ್ತಿ. ಆರತಿ ಗಂಡನಿಗೆ ಎದುರಾಡುತ್ತಿರಲಿಲ್ಲ, ವೈಷ್ಣವಿಯ ಮುಖವನ್ನೂ ನೋಡುತ್ತಿರಲಿಲ್ಲ. ಇಪ್ಪತ್ತಾರನೇ ದಿನ ನೆಲ ಕಂಡಿತು. ಅಲ್ಲಿಂದ ದ್ವೀಪ ದ್ವೀಪ ದಾಟುತ್ತ ಒಂದು ಪುಟ್ಟ ಹವಳದ ದ್ವೀಪ ಮುಟ್ಟಿದರು. ಅಲ್ಲಿರುವುದೇ ನಲವತ್ತು ಮನೆ. ತೇಉರಾ ಎಂಬ ಹಿರಿಯ ಹೆಂಗಸು ಸಣ್ಣ ದೋಣಿಯಲ್ಲಿ ಎದುರು ಬಂದು, ಕೈಚಾಚಿ ತೋರಿಸಿ ಫ್ರೆಂಚಿನಲ್ಲಿ ಹೇಳಿದಳು, ಅಷ್ಟಿಷ್ಟು ಫ್ರೆಂಚ್ ಕಲಿತಿದ್ದ ವೈಷ್ಣವಿ ಅದನ್ನು ಗಿರಿಧರ್‌ಗೆ ತಿಳಿಸಿದಳು: "ಪೂರ್ವದ ಕಡೆಗೆ ಹೋಗಬೇಡಿ. ಮೀನು ಮೊಟ್ಟೆಯಿಟ್ಟು ಹೆಚ್ಚಲಿ ಅಂತ ಎರಡು ವರ್ಷ ನಾವೇ ಅಲ್ಲಿ ಬಲೆ ಬೀಸಿಲ್ಲ."

ಮರುದಿನ ಬೆಳಿಗ್ಗೆ ಗಾಳಿ ಜೋರಾಯಿತು. ಗಾಳಿಗೆ ಮರೆ ಸಿಗಲೆಂದು ಗಿರಿಧರ್ ದೋಣಿಯನ್ನು ಪೂರ್ವಕ್ಕೇ ತಿರುಗಿಸಿದ.

"ಕೆಳಗ ಬರೇ ಹವಳ ಐತ್ರಿ. ಇಲ್ಲಿ ಬ್ಯಾಡ," ಎಂದಳು ವೈಷ್ಣವಿ.

"ಕ್ಯಾಪ್ಟನ್ ನಾನಾ ನೀನಾ? ಆಂಕರ್ ಬಿಡು!"

ಅವಳು ಲಂಗರು ಬಿಟ್ಟಳು. ಸರಪಳಿ ಹವಳವನ್ನು ಪುಡಿ ಮಾಡುತ್ತ ಎಳೆದಾಡಿದ ಸದ್ದು ಕಾಲಡಿಗೆ ತಟ್ಟಿತು.

ಅರ್ಧ ಗಂಟೆಯಲ್ಲಿ, ತೇಉರಾಳದೂ ಸೇರಿ, ದ್ವೀಪದವರ ಆರು ದೋಣಿಗಳು ಸುತ್ತುವರಿದವು. ಹೊರಡಿ ಎಂದು ಕೈ ಬೀಸಿದರು. ಒಬ್ಬ ಗಂಡಸು ಮುಳುಗಿ, ಮುರಿದ ಹವಳದ ಕೊಂಬೆಯನ್ನು ತಂದು ದೋಣಿಯ ಮೇಲೆ ಎಸೆದ. ಗಿರಿಧರ್ ವೈಷ್ಣವಿಯತ್ತ ಬೆರಳು ಮಾಡಿದ. "ಆಂಕರ್ ಬಿಟ್ಟಿದ್ದು ಇವಳೇ. ಕೇಳಿ ಬೇಕಾದ್ರೆ."

ಅದು ಸುಳ್ಳಲ್ಲ. ಅವಳು ಆರತಿಯತ್ತ ನೋಡಿದಳು, ಆರತಿ ಒಳಗೆ ಹೋದಳು. ವೈಷ್ಣವಿ ತನ್ನ ಚೀಲ ತೆಗೆದುಕೊಂಡು ತೇಉರಾಳ ದೋಣಿಗೆ ಇಳಿದಳು. ಗಿರಿಧರ್ ಮಧ್ಯಾಹ್ನದೊಳಗೆ ಹಾಯಿ ಬಿಚ್ಚಿಕೊಂಡು ಹೊರಟುಹೋದ.

ಅವಳನ್ನು ಕರೆದೊಯ್ಯಬೇಕಾದ ಸಾಮಾನಿನ ಹಡಗು ಬರಲು ಹನ್ನೊಂದು ದಿನವಿತ್ತು. ಮಲಗಲು ಚಾಪೆ, ತಿನ್ನಲು ಮೀನು ಕೊಟ್ಟರು. ಯಾರೂ ಅವಳ ಜೊತೆ ಕೂತು ಉಣ್ಣಲಿಲ್ಲ. ತೆಂಗಿನಕಾಯಿ ಒಡೆದು ಕೊಬ್ಬರಿ ಒಣಗಿಸುವ ಕೆಲಸಕ್ಕೆ ಹಚ್ಚಿದರು. ಅಂಗೈ ಬೊಬ್ಬೆಯೆದ್ದು ಒಡೆಯಿತು. ಐದನೇ ದಿನ ಅವಳು ನಡೆದದ್ದನ್ನು ಹೇಳಿ ಕ್ಷಮೆ ಕೇಳಿದಾಗ ತೇಉರಾ ತಲೆಯೆತ್ತದೆ ಕೇಳಿದಳು: "ಅವನು ಹೇಳಿದ. ನೀನು ಯಾಕೆ ಅವನ ಮಾತು ಕೇಳಿದೆ?"

ವೈಷ್ಣವಿ ಇನ್ನೊಂದು ತೆಂಗಿನಕಾಯಿ ಕೈಗೆತ್ತಿಕೊಂಡಳು.

ಆ ದೀಪಾವಳಿಗೆ ಸ್ಯಾನ್ ಡಿಯಾಗೋದ ಕಾರ್ಮೆಲ್ ವ್ಯಾಲಿಯಲ್ಲಿ ಕನ್ನಡಿಗರು ಸೇರಿದಾಗ ಗಿರಿಧರ್ ಪ್ರವಾಸದ ಚಿತ್ರ ತೋರಿಸಿದ. "ಎಷ್ಟು ಮುಗ್ಧ ಜನ ಗೊತ್ತಾ! ಹಾರ ಹಾಕಿ ಸ್ವಾಗತ ಮಾಡಿದ್ರು," ಎಂದ.

ವೈಷ್ಣವಿ ಎದ್ದು ನಿಂತಳು. "ಹಾರ ಹಾಕಲಿಲ್ರೀ. ಓಡಿಸಿದ್ರು. ಅವರ ಹವಳ ಮುರದು ಬಂದೀವಿ. ನಾನೂ ಮುರದೀನಿ."

"ಹಬ್ಬದ ದಿನ ಇದೆಲ್ಲ ಬೇಕಿತ್ತಾ?" ಎಂದು ಯಾರೋ ಗದರಿದರು. ಆರತಿ ಗಂಡನ ಕೈಯಿಂದ ಮೈಕ್ ಕಸಿದುಕೊಂಡು ಮಕ್ಕಳ ಹಾಡು ಶುರು ಮಾಡಿಸಿದಳು. ಮುಂದೆ ಯಾರ ಮನೆಯಿಂದಲೂ ವೈಷ್ಣವಿಗೆ ಕರೆ ಬರಲಿಲ್ಲ.

ಮರು ವರ್ಷ ಅವಳು ದ್ವೀಪಕ್ಕೆ ಕಾಗದ ಬರೆದಳು: ನಾನೇ ಬಂದು ಮುರಿದ ಕಡೆ ಹವಳದ ತುಂಡುಗಳನ್ನು ಮತ್ತೆ ನೆಡುವ ಕೆಲಸ ಮಾಡುತ್ತೇನೆ, ಒಪ್ಪಿಗೆ ಕೊಡಿ. ನಾಲ್ಕು ತಿಂಗಳಿಗೆ ತೇಉರಾಳ ಕೈಬರಹದ ಉತ್ತರ ಬಂತು. ಎರಡೇ ಸಾಲು: "ನಮ್ಮ ಹುಡುಗರು ನೆಡುತ್ತಿದ್ದಾರೆ. ನೀನು ಬರಬೇಡ."

ಒತ್ತಾಯ ಮಾಡಿ ಇನ್ನೊಂದು ಕಾಗದ ಬರೆಯಲು ಕೂತವಳು ಎದ್ದುಬಿಟ್ಟಳು. ಬೇಡ ಅಂದ ಕಡೆ ಈ ಸಲ ಅವಳು ಹೋಗಲಿಲ್ಲ.