ಮಾಡು ಹತ್ತಿದ ಪ್ರಬಂಧ

ಕಾಲೇಜಿನಿಂದ ಬಂದು ನೋಡಿದರೆ, ಬಿಜೈಯಲ್ಲಿನ ನಮ್ಮ ಮನೆಯಂಗಳದಲ್ಲಿ ಒರಗಿಸಿಟ್ಟಿದ್ದ ನನ್ನ ಪ್ರಬಂಧವೇ ಇರಲಿಲ್ಲ. ತಲೆಯೆತ್ತಿದೆ. ಹಂಚು ಹೊದೆಸುವ ಬಾಬಣ್ಣ ಚಾವಣಿ ಹತ್ತಿ ಕೂತು, ಅದರ ಕೊನೆಯ ಪ್ಯಾರಾವನ್ನು ಮಾಡಿಗೆ ಜೋಡಿಸುತ್ತಿದ್ದ.

ಮಹಾಯುದ್ಧದಿಂದಾಗಿ ಆಗ ಕಾಗದಕ್ಕೆ ಬರ. ಹಾಗಾಗಿ ಮಾಡಿನ ರಿಪೇರಿಗೆ ತಂದಿಟ್ಟ ಹೊಸ ಹಂಚುಗಳ ಒಳಮೈಯಲ್ಲಿ ಸೀಮೆಸುಣ್ಣದಿಂದ ಕರಡು ಬರೆದಿದ್ದೆ, ಹಂಚಿಗೊಂದು ಪ್ಯಾರಾ. ಮೂರನೆಯದು ಮೊದಲು ಬಂದರೆ ಚೆನ್ನ ಎನಿಸಿದರೆ ಹಂಚನ್ನೇ ಎತ್ತಿಟ್ಟರಾಯಿತು. ಚಿಂತೆ ನನ್ನ ಹುಟ್ಟುಗುಣ. ಹನ್ನೊಂದು ಹಂಚುಗಳನ್ನು ವಾರವಿಡೀ ಎತ್ತಿಟ್ಟು ಸೊಂಟ ಹಿಡಿದಿತ್ತು. ಪ್ರಬಂಧದ ವಿಷಯ, ‘ಮುಂದಾಲೋಚನೆಯ ಮಹತ್ವ’. ಮರುದಿನ ಬೆಳಿಗ್ಗೆ ಒಪ್ಪಿಸದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಮೇಷ್ಟ್ರು ಹೆದರಿಸಿದ್ದರು.

“ಬಾಬಣ್ಣಾ, ಅದು ನನ್ನ ಪ್ರಬಂಧ ಮಾರಾಯ! ಶುರು ಎಲ್ಲಿ ಉಂಟು?”

“ಹಂಚು ಕೆಳಗಿನಿಂದ ಅಲ್ವಾ ಹೊದೆಸುವುದು, ಸಣ್ಣ ಧಣಿ? ನಿಮ್ಮ ಶುರು ಸೂರಿನ ಹತ್ತಿರ ಉಂಟು. ಒಳಗೆ ಹೋಗಿ ಮೇಲೆ ನೋಡಿ. ಅಷ್ಟಕ್ಕೆ ಎಂತ ಬೊಬ್ಬೆ?”

ಅಟ್ಟದಲ್ಲಿ ಅಂಗಾತ ಮಲಗಿ, ಉಳಿಸಿಕೊಂಡಿದ್ದ ನಾಲ್ಕು ಹಾಳೆಗಳಲ್ಲಿ, ಬಾಬಣ್ಣ ಕೈಗೆ ಸಿಕ್ಕಂತೆ ಹೊದೆಸಿದ ಕ್ರಮದಲ್ಲೇ ನಕಲು ಮಾಡಿದೆ. ಒಂದು ಹಂಚು ಎಷ್ಟು ಹುಡುಕಿದರೂ ಸಿಗಲಿಲ್ಲ. ಪರೀಕ್ಷೆಗೇನೋ ಕೂತೆ. ಆದರೆ ಪ್ರಬಂಧದ ಕೆಳಗೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದಿದ್ದರು: “ವಿಚಾರಗಳ ಜೋಡಣೆ ಈ ಸಲ ಸುಧಾರಿಸಿದೆ.” ಅದನ್ನು ಬಾಬಣ್ಣನಿಗೆ ನಾನು ಹೇಳಲಿಲ್ಲ.

ಸಿಗದ ಆ ಪ್ಯಾರಾ ಈಗಲೂ ನನ್ನ ತಲೆಯ ಮೇಲೆ ಎಲ್ಲೋ ಇದೆ. ಮಳೆಗಾಲ ಬಂದರೆ, ಮಾಡು ಸೋರೀತೆಂದು ಪಾತ್ರೆ ಹಿಡಿದು ಕೋಣೆ ಕೋಣೆ ತಿರುಗುತ್ತೇನೆ. ಇದುವರೆಗೆ ಒಂದು ಹನಿಯೂ ಬಿದ್ದಿಲ್ಲ. ಇಷ್ಟು ವರ್ಷಗಳಲ್ಲಿ ನಾನು ಬರೆದದ್ದರಲ್ಲಿ ಎಲ್ಲೂ ಸೋರದೆ ನಿಂತದ್ದು ಅದೊಂದೇ.